ಒದ್ದೆ ಕೈಗಳ ಹಕ್ಕೊತ್ತಾಯ ಪತ್ರ

ಗ್ರಾನೈಟ್, ಮಾರ್ಬಲ್, ಮೊಸಾಯಿಕ್ ಪಾಲಿಶ್ ಕೆಲಸಗಾರರಿಂದ

ಇವರಿಗೆ: ಮನೆ ಕಟ್ಟಿಸುವ ಮಾಲೀಕರು, ಕಂಟ್ರಾಕ್ಟರುಗಳು, ಸ್ಲ್ಯಾಬ್ ಕಾರ್ಖಾನೆಗಳ ಮಾಲೀಕರು, ಮಷಿನ್ ಮಾರುವ ಅಂಗಡಿಯವರು, ವಿದ್ಯುತ್ ಸರಬರಾಜು ಕಂಪನಿಗಳು, ವಿದ್ಯುತ್ ಪರಿವೀಕ್ಷಣಾಲಯ, ಕಾರ್ಮಿಕ ಇಲಾಖೆ



ಹೊಸ ಮನೆಯ ಅಡುಗೆ ಕಟ್ಟೆಯ ಅಂಚಿನಲ್ಲಿ ಮುಖ ಕಾಣಬೇಕು ಎಂಬುದು ಮನೆ ಕಟ್ಟಿಸುವ ಎಲ್ಲರ ಆಸೆ. ಜಿಗಣಿಯ ಕಾರ್ಖಾನೆಯಿಂದ ಬರುವ ಸ್ಲ್ಯಾಬಿನ ಮೇಲ್ಮೈಗೆ ದೊಡ್ಡ ಯಂತ್ರವೇ ಹೊಳಪು ಕೊಟ್ಟಿರುತ್ತದೆ. ಸೈಟಿನಲ್ಲಿ ಅಳತೆಗೆ ಕತ್ತರಿಸಿದ ಮೇಲೆ ಹೊರಗೆ ಕಾಣುವ ಅಂಚು ಮಾತ್ರ ಒರಟು ಕಲ್ಲೇ. ಆ ಅಂಚನ್ನು ಹಾಫ್ ರೌಂಡ್ ಮಾಡಿ, 50ನೇ ನಂಬರಿನ ಪ್ಯಾಡಿನಿಂದ ಶುರುಮಾಡಿ 100, 200, 400, 800, 1500, 3000 ಎಂದು ಒಂದೊಂದನ್ನೇ ಬದಲಿಸುತ್ತಾ, ಕೊನೆಗೆ ಬಫ್ ಹಾಕಿ ಹೊಳಪು ತರುವವರು ನಾವು. ಪ್ಯಾಡಿನ ಮೈಯಲ್ಲಿ ವಜ್ರದ ಪುಡಿ, ಬೆನ್ನಿಗೆ ವೆಲ್ಕ್ರೋ, ಕಲ್ಲಿಗೂ ಪ್ಯಾಡಿಗೂ ನಡುವೆ ನೀರು. ನೀರು ನಿಂತರೆ ಪ್ಯಾಡ್ ಸುಡುತ್ತದೆ, ಕಲ್ಲಿನ ಮೇಲೆ ಕಲೆ ಕೂರುತ್ತದೆ, ಎದ್ದ ದೂಳು ಎದೆಗಿಳಿಯುತ್ತದೆ. ಹಾಗಾಗಿ ನೀರು ಬೇಕೇ ಬೇಕು. ಆ ನೀರಿನಿಂದ ಗೇಣು ದೂರದಲ್ಲಿ 230 ವೋಲ್ಟಿನ ಮೋಟರು ತಿರುಗುತ್ತಿರುತ್ತದೆ. ಅದನ್ನು ಒದ್ದೆ ಕೈಯಲ್ಲಿ ಹಿಡಿದು, ಒದ್ದೆ ನೆಲದ ಮೇಲೆ, ಹೆಚ್ಚಿನ ಸಲ ಸವೆದ ಹವಾಯಿ ಚಪ್ಪಲಿಯಲ್ಲಿ ನಾವು ನಿಂತಿರುತ್ತೇವೆ.

ಯಾರಿಗಾದರೂ ಶಾಕ್ ಹೊಡೆದರೆ ಸೈಟಿನಲ್ಲಿ ಮೊದಲು ಕೇಳಿಬರುವ ಮಾತು: "ನೋಡ್ಕೊಂಡು ಮಾಡ್ಬೇಕಿತ್ತು ಕಣಯ್ಯಾ." ಈ ಮಾತನ್ನು ನಾವು ಒಪ್ಪುವುದಿಲ್ಲ. ನೋಡಿಕೊಂಡು ಮಾಡಿದರೆ ಕಲ್ಲಿನ ಮೂಲೆ ಮುರಿಯದಂತೆ ಉಳಿಸಬಹುದು. ಬೋರ್ಡಿನಲ್ಲೇ ಇಲ್ಲದ ಅರ್ಥಿಂಗನ್ನು ಎಷ್ಟು ನೋಡಿಕೊಂಡರೂ ತರಲಾಗದು. ನಮ್ಮ ಜೀವದ ಕಾವಲು ನಮ್ಮ ಎಚ್ಚರದಲ್ಲಿ ಮಾತ್ರ ಇದೆ ಎಂಬ ಲೆಕ್ಕ ನಿಲ್ಲಬೇಕು. ಅದು ಮೊದಲು ಕರೆಂಟ್ ಬರುವ ಜಾಗದಲ್ಲಿರಬೇಕು. ಅದಕ್ಕಾಗಿ ಈ ಬೇಡಿಕೆಗಳು. ಮೊದಲಿನದನ್ನು ಸ್ವಲ್ಪ ಉದ್ದಕ್ಕೇ ಬರೆದಿದ್ದೇವೆ. ಅದೊಂದು ಈಡೇರದೆ ಉಳಿದವೆಲ್ಲ ಈಡೇರಿದರೂ ಹೆಚ್ಚು ಉಪಯೋಗವಿಲ್ಲ.

1. ನೀರು ಬಳಸುವ ಯಾವ ಮಷಿನಿಗೂ 30 ಮಿಲಿಯಾಂಪಿನ ಆರ್‌ಸಿಸಿಬಿ ಇಲ್ಲದ ಪಾಯಿಂಟಿನಿಂದ ಕರೆಂಟ್ ಕೊಡಕೂಡದು.

ಹಳಬರು ಇಎಲ್‌ಸಿಬಿ ಅನ್ನುತ್ತಾರೆ, ಕೆಲವರು ಬರೀ ಟ್ರಿಪ್ಪರ್ ಅನ್ನುತ್ತಾರೆ. ಹೆಸರಿನ ತಕರಾರು ನಮಗಿಲ್ಲ. ತಕರಾರು ಇರುವುದು ಎಂಸಿಬಿಯನ್ನೇ ತೋರಿಸಿ ಸಮಾಧಾನ ಹೇಳುವುದರ ಬಗ್ಗೆ. ಮಾಲೀಕರು ಬೋರ್ಡಿನ ಬಾಗಿಲು ತೆಗೆದು, "ಒಳ್ಳೇ ಕಂಪನೀದೇ ಹಾಕ್ಸಿದೀನಪ್ಪಾ, ಏನಾದ್ರೂ ಆದ್ರೆ ಟಕ್ ಅಂತ ಬೀಳುತ್ತೆ" ಅನ್ನುತ್ತಾರೆ. ಬೀಳುವುದಿಲ್ಲ ಸ್ವಾಮಿ. ಎಂಸಿಬಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಪಾಲಿಶ್ ಮಷಿನ್ ಕೆಲಸ ಮಾಡುವಾಗಲೇ ನಾಲ್ಕೈದು ಆಂಪ್ ಎಳೆಯುತ್ತದೆ. ಅದನ್ನು ದಾಟಿ 16 ಆಂಪಿಗಿಂತ ಹೆಚ್ಚು ಹರಿದಾಗಷ್ಟೇ 16 ಆಂಪಿನ ಎಂಸಿಬಿಗೆ ಎಚ್ಚರ. ಒದ್ದೆಯಾದ ಮೈಯ ತಡೆ ಸಾವಿರ ಓಮ್‌ನಷ್ಟಿದೆ ಎಂದಿಟ್ಟುಕೊಂಡರೆ ಅದರ ಮೂಲಕ ನೆಲಕ್ಕೆ ಹರಿಯುವುದು ಒಂದು ಆಂಪಿನ ಕಾಲು ಭಾಗಕ್ಕೂ ಕಡಿಮೆ. ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಮೈಗೆ ಮಾತ್ರ ಅದು ಮಿತಿಮೀರಿದ್ದು. 10 ಮಿಲಿಯಾಂಪಿನ ಆಸುಪಾಸಿನಲ್ಲೇ ಕೈಯ ಸ್ನಾಯು ಬಿಗಿದುಕೊಂಡು, ಹಿಡಿದ ಮಷಿನನ್ನು ಬಿಡಲು ಆಗದಂತಾಗುತ್ತದೆ. 50 ದಾಟಿದ ಕರೆಂಟ್ ಕೆಲವು ಕ್ಷಣ ಎದೆಯ ಮೂಲಕ ಹಾದರೆ ಹೃದಯದ ಬಡಿತವೇ ತಪ್ಪಬಹುದು.

ಆರ್‌ಸಿಸಿಬಿ ನೋಡುವ ಲೆಕ್ಕ ಬೇರೆ. ಫೇಸಿನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತೇ ಎಂದು ಅದು ಸದಾ ತೂಗುತ್ತಿರುತ್ತದೆ. 30 ಮಿಲಿಯಾಂಪಿನಷ್ಟು ಕೊರತೆ ಬಿತ್ತೆಂದರೆ ಅದು ಎಲ್ಲೋ ಸೋರುತ್ತಿದೆ ಎಂದರ್ಥ. ಪ್ರಾಯಶಃ ಯಾರದೋ ಮೈಯ ಮೂಲಕ. ಆಗ 0.3 ಸೆಕೆಂಡಿನೊಳಗೆ ಲೈನ್ ಕಡಿಯಬೇಕು. ಸೋರಿಕೆ ಐದು ಪಟ್ಟಾದರೆ 0.04 ಸೆಕೆಂಡಿನೊಳಗೆ. ಶಾಕ್ ಹೊಡೆಯುವುದೇ ಇಲ್ಲವೆಂದಲ್ಲ. ಜುಮ್ ಎನ್ನುತ್ತದೆ, ಆದರೆ ಮನುಷ್ಯ ಉಳಿಯುತ್ತಾನೆ. ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಸಾಧನವಿದು. ಒಂದು ಅಡುಗೆ ಕಟ್ಟೆಯ ಕಲ್ಲಿನ ಬೆಲೆಯ ಪಕ್ಕದಲ್ಲಿ ಇದನ್ನಿಟ್ಟು ನೋಡಿ.

ಅಂಗಡಿಯಲ್ಲಿ 100, 300 ಮಿಲಿಯಾಂಪಿನವೂ ಇದೇ ಆಕಾರದಲ್ಲಿ ಸಿಗುತ್ತವೆ. ಕೈಯಲ್ಲಿ ಹಿಡಿಯುವ ಮಷಿನಿಗೆ ಅವು ಬೇಡ. ಮೈಮೇಲೆ 0.03 ಆಂಪ್ ಎಂದು ಬರೆದಿರಬೇಕು, ಐಎಸ್‌ಐ ಗುರುತಿರಬೇಕು. ಪ್ರತಿ ದಿನ ಕೆಲಸ ಶುರುವಾಗುವ ಮುಂಚೆ ಅದರ ಟೆಸ್ಟ್ ಬಟನ್ ಒತ್ತಿದಾಗ ಬೀಳಬೇಕು. ಒತ್ತಿದರೂ ಬೀಳದ ಆರ್‌ಸಿಸಿಬಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ: ಒಂದು ಕೈ ಫೇಸಿಗೂ ಇನ್ನೊಂದು ಕೈ ನ್ಯೂಟ್ರಲ್‌ಗೂ ತಾಗಿ, ನೆಲಕ್ಕೆ ಏನೂ ಸೋರದಿದ್ದರೆ ಈ ಸಾಧನಕ್ಕೂ ಗೊತ್ತಾಗುವುದಿಲ್ಲ. ಅದಕ್ಕಾಗಿಯೇ ಮುಂದಿನ ಬೇಡಿಕೆಗಳೂ ಬೇಕು.

2. ಮನೆಯ ಬೋರ್ಡಿನಲ್ಲಿ ಆರ್‌ಸಿಸಿಬಿ ಇಲ್ಲದಿದ್ದರೆ ಕಂಟ್ರಾಕ್ಟರ್ ತಂದುಕೊಡಬೇಕು.

ಮುಚ್ಚಳವಿರುವ ಒಂದು ಪೆಟ್ಟಿಗೆ, ಒಳಗೆ 30 ಮಿಲಿಯಾಂಪಿನ ಆರ್‌ಸಿಸಿಬಿ, ಒಂದು ಎಂಸಿಬಿ, ಹೊರಗೆ ನೀರು ಸಿಡಿದರೂ ತಡೆಯುವ ಇಂಡಸ್ಟ್ರಿಯಲ್ ಸಾಕೆಟ್ ಎರಡು. ಎಲೆಕ್ಟ್ರಿಷಿಯನ್ ಒಬ್ಬರು ಅರ್ಧ ದಿನದಲ್ಲಿ ಜೋಡಿಸಿಕೊಡುತ್ತಾರೆ. ಸೆಂಟ್ರಿಂಗ್ ಶೀಟು, ಜಾಕಿಗಳನ್ನೆಲ್ಲ ಸೈಟಿನಿಂದ ಸೈಟಿಗೆ ಸಾಗಿಸುವವರಿಗೆ ಇದೊಂದು ಪೆಟ್ಟಿಗೆ ಭಾರವಾಗಬಾರದು. ಕರೆಂಟ್ ಹೋದಾಗ ಜನರೇಟರ್ ತಂದು ಕೆಲಸ ಮುಂದುವರಿಸಿ ಅನ್ನುವವರಿಗೆ ಒಂದು ಸೂಚನೆ: ಸಣ್ಣ ಜನರೇಟರುಗಳಲ್ಲಿ ನ್ಯೂಟ್ರಲ್ ಅನ್ನು ಅರ್ಥಿಗೆ ಸೇರಿಸಿರುವುದೇ ಅಪರೂಪ. ಹಾಗಿದ್ದಾಗ ಆರ್‌ಸಿಸಿಬಿ ಇದ್ದರೂ ಅದರ ಕೆಲಸ ನಡೆಯದು. ತಿಳಿದ ಎಲೆಕ್ಟ್ರಿಷಿಯನ್ ನೋಡಿ ಸರಿ ಎನ್ನುವ ತನಕ ಜನರೇಟರಿನಲ್ಲಿ ನೀರಿನ ಮಷಿನ್ ಓಡಿಸುವುದಿಲ್ಲ.

3. ಅರ್ಥಿಂಗ್ ಮುಗಿಯದ ಮನೆಯಲ್ಲಿ ಪಾಲಿಶ್ ಕೆಲಸ ಶುರುಮಾಡಿಸಬಾರದು.

ಮನೆ ಕಟ್ಟುವ ಕ್ರಮದಲ್ಲೇ ಒಂದು ಎಡವಟ್ಟಿದೆ. ಗೋಡೆಯಲ್ಲಿ ವೈರ್ ಎಳೆದಾಗಿರುತ್ತದೆ, ಹೊಸ ಸ್ವಿಚ್ಚು ಸಾಕೆಟ್ಟು ಕೂತಿರುತ್ತವೆ, ಮೂರು ತೂತಿನ ಸಾಕೆಟ್ ನೋಡಿದರೆ ಎಲ್ಲ ಸರಿಯಿದೆ ಅನ್ನಿಸುತ್ತದೆ. ಹಸಿರು ವೈರು ಬೋರ್ಡಿನ ತನಕ ಬಂದು ಅಲ್ಲೇ ಸುರುಳಿ ಸುತ್ತಿಕೊಂಡಿರುತ್ತದೆ. ಅರ್ಥ್ ಗುಂಡಿ ತೆಗೆಯುವುದು ಕಾಂಪೌಂಡ್ ಕೆಲಸದ ಜೊತೆಗೆ, ಅಂದರೆ ಎಲ್ಲಕ್ಕಿಂತ ಕೊನೆಗೆ. ನಾವು ಬಂದಿರುವುದು ಅದಕ್ಕೂ ಮುಂಚೆ. ಮೇಲಿನ ದಪ್ಪ ಪಿನ್ ಹೋಗಿ ಕೂರುವ ತೂತಿನ ಹಿಂದೆ ನೆಲವೇ ಇಲ್ಲ. ಟೆಸ್ಟರ್ ಹಿಡಿದರೆ ಫೇಸ್ ತೋರಿಸುತ್ತದೆಯೇ ಹೊರತು ಅರ್ಥ್ ಇದೆಯೋ ಇಲ್ಲವೋ ಹೇಳುವುದಿಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ನೋಡಿ, ಅರ್ಥ್ ಇದೆ ಎಂದು ಬರೆದು ಕೊಡಬೇಕು. ಒಂದು ಚೀಟಿ ಸಾಕು.

ಟೆಂಪರರಿ ಮೀಟರ್ ಕೊಡುವ ವಿದ್ಯುತ್ ಸರಬರಾಜು ಕಂಪನಿಗಳಿಗೂ ಇದೇ ಒತ್ತಾಯ: ತಾತ್ಕಾಲಿಕ ಸಂಪರ್ಕ ಎಂದರೆ ತಗಡಿನ ಮೇಲೆ ಹೊಡೆದ ಹಲಗೆ, ಹಲಗೆಯ ಮೇಲೆ ಮೀಟರು, ಪಕ್ಕದಲ್ಲಿ ಬಾಯಿ ತೆರೆದ ಒಂದು ಫ್ಯೂಸ್ ಕ್ಯಾರಿಯರ್ ಎಂಬ ಪದ್ಧತಿ ಹೋಗಬೇಕು. ಸೋರಿಕೆ ತಡೆಯುವ ಸಾಧನವೂ ಅರ್ಥಿಂಗೂ ಇರುವುದನ್ನು ಕಣ್ಣಾರೆ ನೋಡದೆ ಲೈನ್ ಚಾಲು ಮಾಡಬೇಡಿ. ಮನೆಯವರ ಸುರಕ್ಷತೆಗಾಗಿ ಇರುವ ನಿಯಮ ಮನೆ ಕಟ್ಟುವವರಿಗೂ ಅನ್ವಯವಾಗಲಿ.

4. ಬೆಂಕಿಕಡ್ಡಿ ಚುಚ್ಚಿದ ವೈರು, ಟೇಪ್ ಸುತ್ತಿದ ಜಾಯಿಂಟು ಸೈಟಿನಲ್ಲಿ ಇರಕೂಡದು.

ಈ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. ಸಾಕೆಟ್ಟಿನ ಮೇಲಿನ ತೂತಿಗೆ ಒಂದು ಕಡ್ಡಿ ತುರುಕಿ ಒಳಗಿನ ಶಟರ್ ಸರಿಸುವುದು, ಕೆಳಗಿನ ಎರಡು ತೂತಿಗೆ ಹೆರೆದ ತಾಮ್ರದ ಎಳೆ ಬಿಡುವುದು, ಜಾರದಂತೆ ಪಕ್ಕಕ್ಕೊಂದು ಬೆಂಕಿಕಡ್ಡಿ ಚುಚ್ಚುವುದು. ಅರ್ಥ್ ಎಳೆಗೆ ಜಾಗವೇ ಇಲ್ಲ, ಅದನ್ನು ಹಿಂದಕ್ಕೆ ಮಡಚಿ ಬಿಟ್ಟಿರುತ್ತಾರೆ. ಮೇಸ್ತ್ರಿಯ ಕಣ್ಣೆದುರೇ ಇದು ನಡೆಯುತ್ತದೆ. ಒಂದು ಪ್ಲಗ್ ಟಾಪಿನ ಕಾಸು ಉಳಿಸಲು ಹೋಗಿ ಮೂರು ರಕ್ಷಣೆಗಳನ್ನು ಒಟ್ಟಿಗೇ ಕಳೆದುಕೊಂಡಂತಾಯಿತು.

ನಮಗೆ ಬೇಕಾದ್ದು ಮೂರು ಕೋರಿನ, ರಬ್ಬರ್ ಹೊದಿಕೆಯ ತಾಮ್ರದ ಕೇಬಲ್. ಎಳೆ 1.5 ಚದರ ಮಿಲಿಮೀಟರಿಗೆ ಕಡಿಮೆಯಿರಬಾರದು, ಮೇಲಿನ ಮಹಡಿಗೆ ಎಳೆಯುವುದಾದರೆ 2.5. ನಡುವೆ ಜಾಯಿಂಟ್ ಬೇಡ. ಕಲ್ಲಿನ ರಾಡಿಯಲ್ಲಿ ಬಿದ್ದ ಜಾಯಿಂಟಿಗೆ ಎಷ್ಟು ಸುತ್ತು ಟೇಪ್ ಹಾಕಿದರೂ ನೀರು ಒಳಹೋಗುತ್ತದೆ. ಎಕ್ಸ್‌ಟೆನ್ಷನ್ ಬಾಕ್ಸನ್ನು ನೆಲದ ಮೇಲಿಡದೆ ಎತ್ತರದಲ್ಲಿ ತೂಗುಹಾಕಲು ಒಂದು ಮೊಳೆ, ವೈರು ಹಾದುಹೋಗಲು ಗೋಡೆಯ ಗುಂಟ ಒಂದು ದಾರಿ ಕೊಡಿ. ಇನ್ನೊಂದು ಸಣ್ಣ ಸಂಗತಿ. ಪ್ಲಗ್ಗಿಗೆ ಹೋಗುವ ವೈರು ಸಾಕೆಟ್ಟಿಗಿಂತ ಕೆಳಕ್ಕೆ ಇಳಿದು, ಮತ್ತೆ ಮೇಲೇರಿ ಒಳಹೋಗಬೇಕು. ಹಾಗೆ ಬಿಟ್ಟರೆ ವೈರಿನ ಗುಂಟ ಜಾರಿಬರುವ ನೀರು ಇಳಿಕೆಯ ತಳದಲ್ಲೇ ತೊಟ್ಟಿಕ್ಕಿ ಬಿದ್ದುಹೋಗುತ್ತದೆ. ಬಿಗಿಯಾಗಿ ನೇರಕ್ಕೆ ಎಳೆದರೆ ಅದೇ ನೀರು ಸಾಕೆಟ್ಟಿನ ಬಾಯಿಗೆ ಹೋಗುತ್ತದೆ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ, ವೈರು ತುಸು ಸಡಿಲವಾಗಿರಬೇಕು ಅಷ್ಟೆ.

5. ಗ್ರೈಂಡರಿಗೆ ನೀರಿನ ಪ್ಯಾಡ್ ಹಾಕಿಸಿ ಕೆಲಸ ತೆಗೆಯಬಾರದು.

ನೀರಿನ ಪಾಲಿಶ್‌ಗೆಂದೇ ಮಾಡಿದ ಮಷಿನ್ ಇದೆ. ನೀರು ಪೈಪಿನಲ್ಲಿ ಬಂದು ಸ್ಪಿಂಡಲ್ಲಿನ ನಡುವಿನಿಂದ ಪ್ಯಾಡಿಗೆ ಇಳಿಯುತ್ತದೆ, ಮೋಟರಿಗೆ ನೀರು ಹೋಗದಂತೆ ಸೀಲ್ ಇರುತ್ತದೆ, ವೇಗವನ್ನು ನಿಮಿಷಕ್ಕೆ 1,000 ಸುತ್ತಿನಿಂದ 4,500ರ ಆಸುಪಾಸಿನ ತನಕ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ನಮ್ಮ ಕೈಗೆ ಸಿಗುವುದು ಹೆಚ್ಚಾಗಿ ನಾಲ್ಕಿಂಚಿನ ಗ್ರೈಂಡರ್. ಅದು ಒಣ ಕೆಲಸಕ್ಕೆ ಮಾಡಿದ್ದು, ನಿಮಿಷಕ್ಕೆ 11,000 ಸುತ್ತಿನವರೆಗೆ ತಿರುಗುತ್ತದೆ. ಹೆಲ್ಪರ್ ಹುಡುಗ ಮುಚ್ಚಳಕ್ಕೆ ತೂತು ಮಾಡಿದ ಬಾಟಲಿ ಹಿಡಿದು ಪಕ್ಕದಲ್ಲಿ ನಿಂತು ನೀರು ಚಿಮ್ಮಿಸುತ್ತಾನೆ. ಮೋಟರಿನ ಫ್ಯಾನು ಹಿಂದಿನ ಕಿಂಡಿಗಳಿಂದ ಗಾಳಿ ಎಳೆದುಕೊಳ್ಳುವಾಗ ಆ ಹನಿಗಳನ್ನೂ, ಕಲ್ಲಿನ ಹಸಿ ದೂಳನ್ನೂ ಒಳಗೆ ಎಳೆದುಕೊಳ್ಳುತ್ತದೆ. ಕಾರ್ಬನ್ ಹೋಲ್ಡರಿನ ಸುತ್ತ ಆ ರಾಡಿ ಪದರ ಪದರವಾಗಿ ಕೂತು ಕರೆಂಟಿಗೆ ಹೊಸ ದಾರಿ ಮಾಡಿಕೊಡುತ್ತದೆ. ಇನ್ನು ವೇಗ. ಮಿತಿ ಮೀರಿ ತಿರುಗಿದ ಪ್ಯಾಡ್ ವೆಲ್ಕ್ರೋದಿಂದ ಕಿತ್ತು ಹಾರಿದರೆ ಎದುರಿಗಿದ್ದವರ ಕಣ್ಣಿಗೆ ಅಪಾಯ.

"ಡಬಲ್ ಇನ್ಸುಲೇಷನ್ ಮಷಿನ್, ಶಾಕೇ ಹೊಡೆಯಲ್ಲ" ಎಂದು ಅಂಗಡಿಯಲ್ಲಿ ಹೇಳಿ ಕಳಿಸುತ್ತಾರೆ. ಚೌಕದೊಳಗೆ ಚೌಕದ ಆ ಗುರುತು ಒಣಗಿದ ಮಷಿನಿಗೆ ಕೊಟ್ಟ ಮಾತು. ಒಳಗೆ ನೀರು ಹೊಕ್ಕ ಮೇಲೆ ಆ ಮಾತಿಗೆ ಬೆಲೆಯಿಲ್ಲ.

ಬಾಡಿಗೆಗೆ ತಂದರೂ ಸರಿ, ಕೊಂಡರೂ ಸರಿ, ನೀರಿನ ಕೆಲಸಕ್ಕೆ ನೀರಿನ ಮಷಿನ್ ಕೊಡಿ. ಬ್ಯಾಟರಿಯಲ್ಲಿ ನಡೆಯುವವೂ ಈಗ ಬಂದಿವೆ. ಬೆಲೆ ಹೆಚ್ಚು, ಹೌದು. ಕೈಯಲ್ಲಿ 230 ವೋಲ್ಟ್ ಇಲ್ಲ ಎಂಬುದಕ್ಕೂ ಒಂದು ಬೆಲೆಯುಂಟು.

6. ಮಷಿನ್ ಮಾರುವವರು ಕನ್ನಡದಲ್ಲಿ ಬರೆದು ಕೊಡಬೇಕು.

ಯಾವ ಕೆಲಸಕ್ಕೆ, ಎಷ್ಟು ವೇಗಕ್ಕೆ, ನೀರು ಹಾಕಬಹುದೇ ಬಾರದೇ ಎಂಬ ಮೂರು ಸಾಲು ಡಬ್ಬದ ಮೇಲೆ ಕನ್ನಡದಲ್ಲಿರಲಿ. ಹೊರದೇಶಗಳಿಗೆ ಹೋಗುವ ಎಷ್ಟೋ ನೀರಿನ ಪಾಲಿಶರುಗಳ ವೈರಿನಲ್ಲೇ ಸೋರಿಕೆ ತಡೆಯುವ ಪುಟ್ಟ ಪೆಟ್ಟಿಗೆಯೊಂದು ಇರುತ್ತದೆ, ಟೆಸ್ಟ್ ಬಟನ್ ಸಹಿತ. ಇಲ್ಲಿ ಮಾರುವ ಮಷಿನಿನಲ್ಲೂ ಅದು ಇರಲಿ. ಇಲ್ಲದೆ ಮಾರುವುದಾದರೆ "ಇದಿಲ್ಲದೆ ಬಳಸಬಾರದು" ಎಂದು ಬಾಯಿಬಿಟ್ಟು ಹೇಳಿ. ರಿಪೇರಿ ಅಂಗಡಿಯವರಿಗೂ ಒಂದು ಮಾತು: ಆರ್ಮೇಚರ್ ಸುತ್ತಿಕೊಟ್ಟ ಮೇಲೆ ತಿರುಗುತ್ತದೋ ಎಂದಷ್ಟೇ ನೋಡಬೇಡಿ. ಇನ್ಸುಲೇಷನ್ ಮೆಗ್ಗರಿನಲ್ಲಿ ಪರೀಕ್ಷಿಸಿಯೇ ವಾಪಸ್ ಕೊಡಿ, ಕಿತ್ತ ರಬ್ಬರ್ ಸೀಲನ್ನು ಮತ್ತೆ ಹಾಕಿಯೇ ಕೊಡಿ.

7. ನೆಲ ಉಜ್ಜುವ ದೊಡ್ಡ ಮಷಿನಿಗೆ ಬೇರೆಯೇ ನಿಯಮ ಬೇಕು.

ಮೊಸಾಯಿಕ್, ಮಾರ್ಬಲ್ ನೆಲ ಉಜ್ಜುವವನು ಪಾದ ಮುಳುಗುವ ರಾಡಿಯಲ್ಲೇ ದಿನವಿಡೀ ನಿಂತಿರುತ್ತಾನೆ. ಜಾರುತ್ತದೆಂದು ಚಪ್ಪಲಿಯನ್ನೂ ಬಿಟ್ಟಿರುತ್ತಾನೆ. ಕೈಯಲ್ಲಿರುವುದು ಕಬ್ಬಿಣದ ಹ್ಯಾಂಡಲ್, ಹಿಂದೆ ಅದೇ ನೀರಿನಲ್ಲಿ ತೇಲುತ್ತಾ ಎಳೆಯುವ ಕೇಬಲ್, ಕೆಳಗೆ ಕಾರ್ಬೊರಂಡಮ್ ಕಲ್ಲುಗಳು. ಒಮ್ಮೆ ಕೇಬಲ್ ಆ ಕಲ್ಲಿನ ಕೆಳಗೆ ಸಿಕ್ಕಿತೆಂದರೆ ಮುಗಿಯಿತು. ಆದ್ದರಿಂದ ಮಷಿನಿನ ಮೈಗೆ ಗಟ್ಟಿ ಅರ್ಥ್, ಮೂರು ಫೇಸಿನದಾದರೆ ನಾಲ್ಕು ಪೋಲಿನ ಆರ್‌ಸಿಸಿಬಿ, ಹ್ಯಾಂಡಲಿಗೆ ರಬ್ಬರ್, ಕಾಲಿಗೆ ಗಮ್‌ಬೂಟ್, ಕೇಬಲನ್ನು ಎತ್ತಿ ಹಿಡಿದು ಹಿಂದೆ ಬರಲು ಇನ್ನೊಬ್ಬ ಆಳು. ಈ ಇನ್ನೊಬ್ಬನ ಕೂಲಿಯನ್ನು ಚದರಡಿ ರೇಟಿನಿಂದ ಕಡಿಯಬಾರದು. ಕೊನೆಯ ಹೊಳಪಿಗೆ ಹಾಕುವ ಆಕ್ಸಾಲಿಕ್ ಪುಡಿ ಕೈ ಸುಡುತ್ತದೆ, ಕಣ್ಣಿಗೆ ಬಿದ್ದರೆ ಕೆಡುಕು. ಅದಕ್ಕೆ ಗ್ಲೌಸು, ಕನ್ನಡಕ ಕೊಡಿ.

8. ನೀರಿನ ವ್ಯವಸ್ಥೆ ಮಾಲೀಕರ ಹೊಣೆ.

ಒಂದು ನಲ್ಲಿ, ವಾಲ್ವ್ ಇರುವ ಒಂದು ಸಣ್ಣ ಪೈಪು. ಎಷ್ಟು ಬೇಕೋ ಅಷ್ಟೇ ನೀರು ಬಿಡಲು ನಮಗೆ ಗೊತ್ತು. ರಾಡಿ ತೆಳ್ಳಗೆ ಹರಿಯುತ್ತಿದ್ದರೆ ಸರಿ, ಗಟ್ಟಿಯಾದರೆ ಕಡಿಮೆ, ಮುಖಕ್ಕೆ ಸಿಡಿದರೆ ಜಾಸ್ತಿ. ಅಂಚಿನ ಅಡಿಭಾಗಕ್ಕೆ ಪಾಲಿಶ್ ಬೇಕೆನ್ನುವವರು ಕಲ್ಲನ್ನು ಕೂರಿಸುವ ಮುಂಚೆಯೇ ಹೇಳಬೇಕು. ಕೂರಿಸಿದ ಮೇಲೆ ಹೇಳಿದರೆ ಮಷಿನನ್ನು ಮೇಲ್ಮುಖ ಮಾಡಿ ಹಿಡಿಯಬೇಕಾಗುತ್ತದೆ, ನೀರೆಲ್ಲ ಮೋಟರಿನ ಮೇಲೆ ಇಳಿಯುತ್ತದೆ. ಅಂಥ ಕೆಲಸವನ್ನು ಎಷ್ಟು ಕಾಸು ಕೊಟ್ಟರೂ ಮಾಡುವುದಿಲ್ಲ. ನೀರು ಹರಿದುಹೋಗಲು ದಾರಿಯೂ ಬೇಕು. ಸಿಂಕಿನ ಹೊಸ ಪೈಪಿಗೆ ರಾಡಿ ಬಿಟ್ಟರೆ ಅದು ಒಳಗೆ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಬೈಗುಳ ನಮಗೇ ಬರುತ್ತದೆ.

9. ಶಾಕಿನ ಭಯಕ್ಕೆ ನೀರು ಬಿಡಿಸಿ ಒಣಗಲ್ಲು ಉಜ್ಜಿಸಬಾರದು.

ಇದನ್ನು ಬರೆಯಲೇಬೇಕಾಗಿದೆ. ಮೇಲಿನ ಒಂದರಿಂದ ಎಂಟರವರೆಗೆ ಕೇಳಿದ ಕೆಲವರು "ಹಾಗಾದ್ರೆ ನೀರೇ ಬೇಡ, ಡ್ರೈ ಹೊಡೀರಿ" ಅನ್ನುತ್ತಾರೆ. ನೀರಿಲ್ಲದೆ ಉಜ್ಜಿದರೆ ಏಳುವ ಬಿಳಿ ಮೋಡದಲ್ಲಿ ಕಣ್ಣಿಗೆ ಕಾಣುವ ದೂಳಿಗಿಂತ ಕಾಣದ ದೂಳೇ ಕೆಟ್ಟದ್ದು. ಇಳಕಲ್ಲಿನ ಕೆಂಪು ಕಲ್ಲು, ಕನಕಪುರದ ಕಲ್ಲುಗಳಂಥ ಗ್ರಾನೈಟಿನಲ್ಲಿ ಸ್ಫಟಿಕದ ಸಿಲಿಕಾ ಸಾಕಷ್ಟಿರುತ್ತದೆ. ಚಾಮರಾಜನಗರದ ಕಪ್ಪು ಕಲ್ಲಿನಲ್ಲಿ ಅದು ಕಡಿಮೆ, ಆದರೆ ಕಡಿಮೆಯೆಂದು ಮೂಗು ಬಿಟ್ಟು ಕೂರುವಂತಿಲ್ಲ. ಈಗ ಫ್ಯಾಷನ್ ಆಗಿರುವ ಕ್ವಾರ್ಟ್ಜ್ ಕಟ್ಟೆಗಳು ಎಲ್ಲಕ್ಕಿಂತ ಕೆಟ್ಟವು. ಸಿಲಿಕಾ ಪುಡಿಯನ್ನು ರಾಳದಲ್ಲಿ ಒತ್ತಿ ಮಾಡುವ ಅವುಗಳಲ್ಲಿ ಸಿಲಿಕಾ ಶೇಕಡಾ 90ರ ಆಸುಪಾಸು. ಅದನ್ನು ಕತ್ತರಿಸಿ ಉಜ್ಜಿದ ಎಳೆಯ ವಯಸ್ಸಿನ ಕೆಲಸಗಾರರಲ್ಲೇ ಸಿಲಿಕೋಸಿಸ್ ಕಂಡ ಮೇಲೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅಂಥ ಕಲ್ಲನ್ನೇ ನಿಷೇಧಿಸಿತು.

ಸಿಲಿಕೋಸಿಸ್‌ಗೆ ಮದ್ದಿಲ್ಲ. ಆದ್ದರಿಂದ ಕತ್ತರಿಸುವುದೂ ಉಜ್ಜುವುದೂ ನೀರಿನಲ್ಲೇ ಆಗಬೇಕು. ಜೊತೆಗೆ ಎನ್95 ಮಟ್ಟಕ್ಕೆ ಕಡಿಮೆಯಿಲ್ಲದ ಮಾಸ್ಕ್ ಬೇಕು. ಕುತ್ತಿಗೆಯ ಟವೆಲ್ಲು ಮಾಸ್ಕಲ್ಲ. ಒಣಗಿದ ರಾಡಿಯನ್ನು ಪೊರಕೆಯಲ್ಲಿ ಗುಡಿಸಿದರೆ ನೀರು ಹಿಡಿದಿಟ್ಟ ದೂಳನ್ನು ನಾವೇ ಮತ್ತೆ ಎಬ್ಬಿಸಿದಂತೆ. ಹಸಿಯಿದ್ದಾಗಲೇ ಬಳಿದು ತೆಗೆಯಲು ಸಮಯ ಕೊಡಿ.

10. ಕಾರ್ಖಾನೆಗಳಲ್ಲಿ ಗಾಳಿಯಿಂದ ನಡೆಯುವ ಪಾಲಿಶರ್ ಬರಲಿ.

ಕಂಪ್ರೆಸರ್ ಇರುವ ಶೆಡ್ಡುಗಳಲ್ಲಿ ಒದ್ದೆ ಕೈಗೆ ಕರೆಂಟಿನ ಮಷಿನ್ ಕೊಡಲು ಯಾವ ಕಾರಣವೂ ಇಲ್ಲ. ಗಾಳಿಯ ಮಷಿನಿಗೆ ನೀರು ಸಿಡಿದರೆ ನಷ್ಟವೇನೂ ಇಲ್ಲ. ಅಲ್ಲಿಯ ತನಕ ಒಂದು ಮಷಿನಿಗೆ ಒಂದರಂತೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಕೊಡಿ. ವೋಲ್ಟೇಜನ್ನೇ ಇಳಿಸುವ ದಾರಿಯೂ ಇದೆ: ಬ್ರಿಟನ್ನಿನ ಕಟ್ಟಡ ಸೈಟುಗಳಲ್ಲಿ ಕೈಮಷಿನುಗಳಿಗೆ 110 ವೋಲ್ಟ್ ಕೊಡುವ ರೂಢಿ ಬಹಳ ಹಳೆಯದು. ಟ್ರಾನ್ಸ್‌ಫಾರ್ಮರಿನ ನಡುವನ್ನು ಅರ್ಥ್ ಮಾಡಿರುವುದರಿಂದ ನೆಲಕ್ಕೆ ತಾಗುವ ವೋಲ್ಟೇಜ್ 55 ಮಾತ್ರ. ಇಲ್ಲಿ ಅದು ಸಾಧ್ಯವೇ ಇಲ್ಲ ಅನ್ನುವವರು, ಕೋಟಿ ರೂಪಾಯಿಯ ಕಟಿಂಗ್ ಯಂತ್ರ ತರಿಸಿಕೊಳ್ಳುವಾಗ ಹಾಗೆ ಅಂದದ್ದನ್ನು ನಾವು ಕೇಳಿಲ್ಲ.

11. ಗೃಹಪ್ರವೇಶದ ಮುಹೂರ್ತಕ್ಕಾಗಿ ರಾತ್ರಿ ಕೆಲಸ ಮಾಡಿಸಬಾರದು.

ಮುಹೂರ್ತ ಇಟ್ಟಾಗಿರುತ್ತದೆ, ಕಾರ್ಡ್ ಹಂಚಿಯಾಗಿರುತ್ತದೆ, ಅಡುಗೆ ಕಟ್ಟೆ ಆಗಿರುವುದಿಲ್ಲ. ರಾತ್ರಿಯೂ ಕೆಲಸ ನಡೆಯುತ್ತದೆ. ಪೇಂಟರು, ಬಡಗಿ, ಎಲೆಕ್ಟ್ರಿಷಿಯನ್, ನಾವು, ಎಲ್ಲರೂ ಒಂದೇ ಬೋರ್ಡಿಗೆ ವೈರು ಚುಚ್ಚಿಕೊಂಡು ಒಬ್ಬರ ಕಾಲಿಗೊಬ್ಬರು ಸಿಗುತ್ತಿರುತ್ತೇವೆ. ಆರ್‌ಸಿಸಿಬಿ ಬಿತ್ತೆಂದರೆ ಇಡೀ ಮನೆಯ ಕೆಲಸ ನಿಲ್ಲುತ್ತದೆ. ಆಗ ಯಾರೋ ಒಬ್ಬರು ಅದನ್ನು ತಪ್ಪಿಸಿ ನೇರಕ್ಕೆ ವೈರು ಕೊಟ್ಟುಬಿಡುತ್ತಾರೆ. ನಮ್ಮ ಮಷಿನಿಗೆ ಬೇರೆ ಪಾಯಿಂಟ್ ಕೊಡಿ. ಬಿದ್ದ ಆರ್‌ಸಿಸಿಬಿಯನ್ನು ಕಾರಣ ಹುಡುಕದೆ ಯಾರೂ ಮತ್ತೆ ಎತ್ತಬಾರದು, ತಪ್ಪಿಸಲಂತೂ ಬಾರದು. ಸೈಟಿನಲ್ಲಿ ಒಬ್ಬನನ್ನೇ ಬಿಟ್ಟು ಮಷಿನ್ ಓಡಿಸಬಾರದು. ಹದಿನೆಂಟು ತುಂಬದ ಹುಡುಗರ ಕೈಗೆ ನೀರಿನ ಬಾಟಲಿಯನ್ನೂ ಕೊಡಬಾರದು.

12. ಬೇಡ ಅನ್ನುವ ಹಕ್ಕು ನಮಗಿರಲಿ, ಆ ದಿನದ ಕೂಲಿಯೂ ಸಿಗಲಿ.

ಪಾಯಿಂಟ್ ಸರಿಯಿಲ್ಲದ ಕಾರಣ ಕೆಲಸಗಾರ ಮಷಿನ್ ಕೆಳಗಿಟ್ಟರೆ ಅದನ್ನು ಸೋಮಾರಿತನ ಎಂದು ಬರೆದುಕೊಳ್ಳಬೇಡಿ. ಚದರಡಿ, ರನ್ನಿಂಗ್ ಅಡಿ ಲೆಕ್ಕದ ಕೆಲಸದಲ್ಲಿ ನಿಂತ ದಿನಕ್ಕೆ ಕೂಲಿಯೇ ಇಲ್ಲ. ಹಾಗಾಗಿಯೇ ನಮ್ಮವರು ಜುಮ್ ಅನ್ನುವ ಮಷಿನಿಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಮುಂದುವರಿಸುತ್ತಾರೆ.

13. ಅಪಘಾತವನ್ನು ಮುಚ್ಚಿಹಾಕಬಾರದು.

ಪ್ರತಿ ಸೈಟಿನಲ್ಲಿ ಮೇನ್ ಸ್ವಿಚ್ ಎಲ್ಲಿದೆ ಎಂದು ಎಲ್ಲರಿಗೂ ಗೊತ್ತಿರಬೇಕು, ಅದರ ಮುಂದೆ ಸಿಮೆಂಟ್ ಚೀಲ ಪೇರಿಸಿರಬಾರದು. ಶಾಕ್ ಹಿಡಿದವನನ್ನು ಮುಟ್ಟುವ ಮೊದಲು ಮೇನ್ ಆರಿಸಬೇಕು. ಉಸಿರಿಲ್ಲದಿದ್ದರೆ 108ಕ್ಕೆ ಕರೆ ಮಾಡಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಲೇ ಇರಬೇಕು. ಪ್ರತಿ ತಂಡದಲ್ಲಿ ಇಬ್ಬರಿಗಾದರೂ ಇದನ್ನು ಕಲಿಸಿ. ಎದ್ದು ಕೂತವನನ್ನೂ ಆಸ್ಪತ್ರೆಗೆ ಕಳಿಸಿ ಇಸಿಜಿ ಮಾಡಿಸಬೇಕು. "ಏನೂ ಆಗಿಲ್ಲ, ಮಜ್ಜಿಗೆ ಕುಡಿದು ಮಲಗು" ಎನ್ನುವುದು ಸಾಲದು.

ವಿದ್ಯುತ್ ಕಾಯ್ದೆ 2003ರ 161ನೇ ಕಲಮು ಇಂಥ ಅಪಘಾತದ ಬಗ್ಗೆ ಪರಿವೀಕ್ಷಕರಿಗೆ ತಿಳಿಸಬೇಕು ಎನ್ನುತ್ತದೆ. ನಡೆಯುವುದೇನೆಂದರೆ ಪೊಲೀಸ್ ಠಾಣೆಯ ಅಂಗಳದಲ್ಲಿ ರಾಜಿ, ಕೈಗಿಷ್ಟು ದುಡ್ಡು, ಊರಿಗೆ ಹೆಣ. ಪರಿವೀಕ್ಷಣಾಲಯದವರು ಸ್ಥಳಕ್ಕೆ ಬರಬೇಕು, ಬರೆದ ವರದಿಯ ಪ್ರತಿ ಮನೆಯವರಿಗೆ ಸಿಗಬೇಕು.

14. ಕಟ್ಟಡ ಕಾರ್ಮಿಕರ ಮಂಡಳಿ ನಮ್ಮನ್ನು ಹುಡುಕಿಕೊಂಡು ಬರಲಿ.

ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ಕಟ್ಟಡದ ವೆಚ್ಚದ ಶೇಕಡಾ 1ರಷ್ಟು ಸೆಸ್ ವಸೂಲಾಗುತ್ತಿದೆ. ಆ ನಿಧಿಯಿಂದ ಪ್ರತಿ ನೋಂದಾಯಿತ ಪಾಲಿಶ್ ಕೆಲಸಗಾರನಿಗೆ ಒಂದು ಸುರಕ್ಷಾ ಕಿಟ್ ಕೊಡಿ: ಆರ್‌ಸಿಸಿಬಿ ಪೆಟ್ಟಿಗೆ, ಗಮ್‌ಬೂಟ್, ರಬ್ಬರ್ ಗ್ಲೌಸು, ಮಾಸ್ಕು, ಕನ್ನಡಕ. ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ಮತ್ತು ಉಸಿರಿನ ಪರೀಕ್ಷೆ ಮಾಡಿಸಿ. ರಾಜಸ್ಥಾನ 2019ರಲ್ಲೇ ದೂಳಿನ ಕಾಯಿಲೆಗಳಿಗಾಗಿ ನೀತಿ ತಂದು, ಸಿಲಿಕೋಸಿಸ್ ದೃಢಪಟ್ಟವರಿಗೆ 3 ಲಕ್ಷ, ತೀರಿಕೊಂಡರೆ ಮನೆಯವರಿಗೆ 2 ಲಕ್ಷ ರೂಪಾಯಿ ಎಂದು ಗೊತ್ತುಮಾಡಿದೆ. ಕಲ್ಲಿನ ನಾಡಾದ ಕರ್ನಾಟಕಕ್ಕೂ ಅಂಥದೇ ನೀತಿ ಬೇಕು. ತರಬೇತಿ ಕನ್ನಡದಲ್ಲೂ ಹಿಂದಿಯಲ್ಲೂ ನಡೆಯಲಿ. ನಮ್ಮ ಪಕ್ಕದಲ್ಲಿ ಕೂತು ಪ್ಯಾಡ್ ಹಿಡಿಯುವವರಲ್ಲಿ ರಾಜಸ್ಥಾನ, ಬಿಹಾರ, ಒಡಿಶಾದಿಂದ ಬಂದವರೂ ಇದ್ದಾರೆ. ಶಾಕಿಗೆ ಭಾಷೆಯ ಭೇದವಿಲ್ಲ.

15. ನಮ್ಮವರಿಗೆ ನಾವೇ ಹಾಕಿಕೊಂಡ ಕಟ್ಟಳೆ.

ಬೇರೆಯವರಿಂದ ಕೇಳುವುದಷ್ಟೇ ಅಲ್ಲ. ಪ್ಯಾಡ್ ಬದಲಿಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳುತ್ತೇವೆ. ಬೆಳಿಗ್ಗೆ ವೈರನ್ನು ಈ ತುದಿಯಿಂದ ಆ ತುದಿಗೆ ಕೈಯಾಡಿಸಿ ನೋಡುತ್ತೇವೆ, ಪ್ಲಗ್ ಚುಚ್ಚುವ ಮೊದಲು. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟುವುದಿಲ್ಲ, ಅದಕ್ಕೆಂದೇ ಒಂದು ಒಣ ಬಟ್ಟೆ ಇಟ್ಟುಕೊಳ್ಳುತ್ತೇವೆ. ನೀರಿಗೆ ಬಿದ್ದ ಮಷಿನನ್ನು ಮೇನ್ ಆರಿಸದೆ ಎತ್ತುವುದಿಲ್ಲ, ಎತ್ತಿದ ಮೇಲೆ ಬಿಸಿಲಿಗಿಟ್ಟು ಒಣಗಿತೆಂದು ಹಾಗೇ ಚಾಲು ಮಾಡುವುದಿಲ್ಲ, ಬಿಚ್ಚಿಸಿ ತೋರಿಸುತ್ತೇವೆ. ಸಡಿಲ ತೋಳಿನ ಅಂಗಿ, ಕೈಯ ದಾರ, ಕುತ್ತಿಗೆಯ ಟವೆಲ್ಲು ಮಷಿನಿನ ಹತ್ತಿರ ಬರಬಾರದು. ಕೈ ಜೋಮು ಹಿಡಿಯುವ ತನಕ ಎಳೆಯದೆ ನಡುನಡುವೆ ಬಿಡುತ್ತೇವೆ. ಮೇಸ್ತ್ರಿ ನಗಾಡಿದರೆ ನಗಾಡಲಿ.

ಇಷ್ಟರಲ್ಲಿ ಕಾನೂನು ತಿದ್ದಬೇಕಾದ್ದು ಒಂದೆರಡು, ಸರ್ಕಾರದ ಆದೇಶಕ್ಕೆ ಕಾಯಬೇಕಾದ್ದು ನಾಲ್ಕೈದು. ಉಳಿದವನ್ನು ನಾಳೆಯೇ ಮಾಡಬಹುದು. ಇನ್ನು ಮುಂದೆ 30 ಮಿಲಿಯಾಂಪಿನ ಆರ್‌ಸಿಸಿಬಿ ತೋರಿಸದ ಸೈಟಿನಲ್ಲಿ ನೀರಿನ ಮಷಿನಿನ ಪ್ಲಗ್ ಹಾಕುವುದಿಲ್ಲ ಎಂದು ನಾವು ತೀರ್ಮಾನಿಸಿದ್ದೇವೆ. ಇದನ್ನು ಓದಿದ ಮನೆ ಮಾಲೀಕರಲ್ಲಿ ಒಂದೇ ಕೋರಿಕೆ: ಪಾಲಿಶ್‌ನವರಿಗೆ ಫೋನ್ ಮಾಡುವ ಮೊದಲು ನಿಮ್ಮ ಬೋರ್ಡಿನ ಬಾಗಿಲು ತೆಗೆದು ಆ ಟೆಸ್ಟ್ ಬಟನ್ ಒತ್ತಿ ನೋಡಿ. ಬಟನ್ನೇ ಕಾಣದಿದ್ದರೆ, ಅಥವಾ ಒತ್ತಿದರೂ ಬೀಳದಿದ್ದರೆ, ಮೊದಲು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ.